ಮೂಗರ್ಜಿಗಳ ಮಹಾಪೂರ

ಸರ್ಕಾರಿ ಗುಮಾಸ್ತರನ್ನು ಕುರಿತು ಲೋಕದಲ್ಲಿ ಹಾಸ್ಯಗಳಿಗೇನೂ ಕೊರತೆಯಿಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಿಜವೆಂದು ನಾವೇ ಒಪ್ಪಿಬಿಡುತ್ತೇವೆ. ಆದರೂ ನಮ್ಮ ಕಸುಬಿನಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಮೇಜಿಗೆ ಬಂದ ಕಾಗದ ಯಾರದು, ಎಲ್ಲಿಂದ ಬಂತು, ಯಾವ ತಾರೀಖಿನದು ಎಂಬುದನ್ನು ಆವಕ ಪುಸ್ತಕದಲ್ಲಿ ನಮೂದಿಸದೆ ನಾವು ಅದನ್ನು ಮುಂದಿನ ಮೇಜಿಗೆ ತಳ್ಳುವುದಿಲ್ಲ. ಹೆಸರು, ರುಜು ಇಲ್ಲದ ಅರ್ಜಿಗೆ ಮೂಗರ್ಜಿ ಎನ್ನುತ್ತಾರೆ. ಅಂಥದರ ಮೇಲೆ ಕ್ರಮ ಬೇಡವೆಂದು ಕೇಂದ್ರ ಸರ್ಕಾರದ ಕಚೇರಿಗಳಿಗೆ ಅಪ್ಪಣೆಯೇ ಇದೆ. ಯಾರದೋ ಹೊಟ್ಟೆಯುರಿಗೆ ಇನ್ನಾರದೋ ಅನ್ನ ಹೋಗಬಾರದೆಂಬುದು ಇದರ ತಾತ್ಪರ್ಯ.

ಹಗಲೆಲ್ಲ ಇಷ್ಟು ಕಟ್ಟುನಿಟ್ಟಿನಿಂದಿರುವ ಮಹನೀಯರು ಸಂಜೆಯ ಲೋಕಲ್ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತೋ ಇಲ್ಲವೋ, ಮೊಬೈಲು ತೆಗೆದು, ದಾದರ್ ದಾಟುವುದರೊಳಗೆ ಹತ್ತಾರು ಮೂಗರ್ಜಿಗಳನ್ನು ಬಂಧುಬಳಗಕ್ಕೆಲ್ಲ ರವಾನಿಸಿಬಿಡುತ್ತಾರೆ. ಬೇವಿನ ಕಷಾಯದಿಂದ ಸಕ್ಕರೆ ಕಾಯಿಲೆ ವಾಸಿ. ನಾಳೆಯಿಂದ ನಾಲ್ಕು ದಿನ ಬ್ಯಾಂಕು ಬಂದ್. ಊರೊಳಗೆ ಮಕ್ಕಳ ಕಳ್ಳರು ಬಂದಿದ್ದಾರೆ, ಎಚ್ಚರ! ಬರೆದವರ ಹೆಸರಿಲ್ಲ, ತಾರೀಖಿಲ್ಲ. ಕೊನೆಗೊಂದು ಕೈಮುಗಿದ ಚಿತ್ರ ಮಾತ್ರ. ಮೊದಲನೆಯದರಿಂದ ನಾಲಗೆ ಕಹಿಯಾದೀತು, ಎರಡನೆಯದರಿಂದ ಒಂದು ದಿನ ಸುಮ್ಮನೆ ಕ್ಯೂ ನಿಂತೇವು. ಮೂರನೆಯದು ಪ್ರಾಣಕ್ಕೆ ಸಂಬಂಧಿಸಿದ್ದು.

2018ರ ಜುಲೈ 1, ಭಾನುವಾರ. ಇದೇ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾ ಹಳ್ಳಿಯಲ್ಲಿ ಸಂತೆ ಸೇರಿತ್ತು. ಭಿಕ್ಷಾಟನೆಯಿಂದ ಬದುಕುವ ನಾಥಪಂಥಿ ಗೋಸಾವಿ ಸಮುದಾಯದ ಐವರು ಅಲ್ಲಿಗೆ ಬಂದರು. ಅವರಲ್ಲೊಬ್ಬ ಒಂದು ಪುಟ್ಟ ಹುಡುಗಿಯನ್ನು ಮಾತನಾಡಿಸಿದನಂತೆ. ಮಕ್ಕಳ ಕಳ್ಳರ ಸುದ್ದಿ ವಾಟ್ಸಪ್‌ನಲ್ಲಿ ಮೊದಲೇ ಹಬ್ಬಿತ್ತು. ಅಷ್ಟೇ ಸಾಕಾಯಿತು. ಗ್ರಾಮ ಪಂಚಾಯಿತಿಯ ಕೋಣೆಯಲ್ಲಿ ಕೂಡಿಹಾಕಿ ಐವರನ್ನೂ ಬಡಿದು ಕೊಂದರು.

ಎರಡು ವಾರ ಕಳೆಯುವುದರೊಳಗೆ, ಜುಲೈ 13ರಂದು, ನಮ್ಮ ಬೀದರ್ ಜಿಲ್ಲೆಯ ಸರದಿ. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಹಂಚಿದರು. ಯಾರೋ ಅವರ ಚಿತ್ರ ಹಿಡಿದು, ಕಳ್ಳರೆಂದು ವಾಟ್ಸಪ್‌ಗೆ ಏರಿಸಿದರು. ಸುದ್ದಿ ಕಾರಿಗಿಂತ ಮುಂದೆ ಓಡಿತು. ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಜನ ರಸ್ತೆಗೆ ಅಡ್ಡಗಟ್ಟಿ ಕಾದಿದ್ದರು. ಒಬ್ಬ ತರುಣ ಎಂಜಿನಿಯರು ಅಲ್ಲೇ ಸತ್ತ. ಉಳಿದವರಿಗೂ, ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಮಗುವಿನ ಕೈಗೆ ಮಿಠಾಯಿ ಕೊಡುವುದು ನಮ್ಮ ದೇಶದಲ್ಲಿ ಎಂದಿನಿಂದ ಅಪರಾಧವಾಯಿತೋ ತಿಳಿಯದು.

ಆ ವರ್ಷ ಊರೂರು ತಿರುಗಿದ ಒಂದು ಚಲಚ್ಚಿತ್ರದ ತುಣುಕಿನ ಕಥೆ ಕೇಳಿದರೆ ನಗಬೇಕೋ ಅಳಬೇಕೋ ತೋರದು. ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿಯೇ ತಯಾರಿಸಿದ ಪ್ರಚಾರ ಚಿತ್ರ. ಅದರ ಕೊನೆಯಲ್ಲಿ ಮಗುವನ್ನು ಹಿಂದಕ್ಕೆ ತಂದು ಬಿಟ್ಟು, ಎಚ್ಚರವಾಗಿರಿ ಎಂಬ ಫಲಕ ತೋರಿಸುತ್ತಾರೆ. ಯಾರೋ ಪುಣ್ಯಾತ್ಮರು ಕೊನೆಯನ್ನು ಕತ್ತರಿಸಿ ಉಳಿದದ್ದನ್ನು ಹರಿಯಬಿಟ್ಟರು. ಮಕ್ಕಳನ್ನು ಕಾಯಲು ಮಾಡಿದ ಚಿತ್ರ ದೊಡ್ಡವರನ್ನು ಕೊಲ್ಲಿಸಿತು.

ಇದು ಆ ವರ್ಷ ಹುಟ್ಟಿದ ರೋಗವಲ್ಲ. 2012ರ ಆಗಸ್ಟಿನಲ್ಲಿ ತಮ್ಮ ಮೇಲೆ ಹಲ್ಲೆ ನಡೆಯಲಿದೆಯೆಂಬ ಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಒಟ್ಟೊಟ್ಟಿಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದೆಂದು ಸರ್ಕಾರ ಹದಿನೈದು ದಿನದ ಕಟ್ಟಳೆ ಮಾಡಿತು. 2018ರ ಕೊಲೆಗಳಾದ ಮೇಲೆ ವಾಟ್ಸಪ್ ಕಂಪನಿಯೂ ಬಂದ ಸಂದೇಶಕ್ಕೆ ‘ಮುಂದೆ ಕಳಿಸಿದ್ದು’ ಎಂಬ ಗುರುತು ಹಚ್ಚಿ, ಒಮ್ಮೆಗೆ ಐದೇ ಕಡೆಗೆ ಕಳಿಸಬಹುದೆಂದು ಮಿತಿಯಿಟ್ಟಿತು. ಬಹಳ ಕೈ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಕಡೆಗೆ ಎಂದು 2020ರಲ್ಲಿ ಇನ್ನೂ ಬಿಗಿ ಮಾಡಿತು. ಜರಡಿಯ ಕಣ್ಣು ಸಣ್ಣದಾಯಿತು, ನಿಜ. ಆದರೆ ಜರಡಿಯಲ್ಲಿ ಹಾಕುವುದೇನೆಂಬುದು ನಮ್ಮ ಕೈಯಲ್ಲೇ ಇದೆ.

ಹಾಗಾದರೆ ಮೊದಲು ಬರೆದವನನ್ನೇ ಹಿಡಿಯಬಾರದೇಕೆ ಎಂದು ವಾಚಕರು ಕೇಳಬಹುದು. ಅಲ್ಲಿಯೇ ತೊಡಕು. ವಾಟ್ಸಪ್‌ನ ಪತ್ರಗಳು 2016ರಿಂದ ಗೂಢಲಿಪಿಯಲ್ಲಿ ಹೋಗುತ್ತವೆ. ಕಳಿಸಿದವರು, ಪಡೆದವರು ಹೊರತು ನಡುವಿನವರಿಗೆ ಓದಲಾಗದು. ಮೂಲ ಲೇಖಕನನ್ನು ಗುರುತಿಸಿಕೊಡಬೇಕೆಂದು ಸರ್ಕಾರ 2021ರಲ್ಲಿ ನಿಯಮ ಮಾಡಿತು. ಹಾಗೆ ಮಾಡಿದರೆ ಎಲ್ಲರ ಗುಟ್ಟೂ ಬಯಲಾದೀತೆಂದು ಕಂಪನಿ ಅದೇ ವರ್ಷ ದೆಹಲಿಯ ಉಚ್ಚ ನ್ಯಾಯಾಲಯದ ಕಟ್ಟೆ ಹತ್ತಿತು. ಗುಟ್ಟೆಂದರೆ ಕಳ್ಳರ ಸೊತ್ತು ಮಾತ್ರವಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಏಕಮತದಿಂದ ಸಾರಿದ್ದು ಅವರ ಆ ಮೊಕದ್ದಮೆಯಲ್ಲೇ. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಹಕ್ಕು ನಮಗೆ ಉಳಿಯಿತು. ಪ್ರಾಣವೂ ಉಳಿಯಬೇಕು, ಮಾನವೂ ಉಳಿಯಬೇಕು. ಎರಡನ್ನೂ ಪೊಲೀಸರೇ ಕಾಯಲೆಂದರೆ ಆಗುವ ಮಾತಲ್ಲ.

ನಮ್ಮ ಕಟ್ಟಡದಲ್ಲೇ ಈಚೆಗೆ ನಡೆದದ್ದನ್ನು ಹೇಳುತ್ತೇವೆ. ಹಳೆಯ ಸೀರೆಗೆ ಸ್ಟೀಲು ಪಾತ್ರೆ ಕೊಡುವ ಇಬ್ಬರು ಹೆಂಗಸರ ಚಿತ್ರ, ‘ಮಕ್ಕಳ ಕಳ್ಳಿಯರು’ ಎಂಬ ತಲೆಬರಹದೊಡನೆ ಎಲ್ಲರ ಮೊಬೈಲಿಗೂ ಬಂತು. ಗೇಟಿನ ಬಳಿ ಜನ ಕೂಡಿದರು. ಒಬ್ಬಿಬ್ಬರು ತೋಳೂ ಮಡಿಸಿದ್ದರು. ಎರಡನೆಯ ಮಾಳಿಗೆಯ ಅಜ್ಜಿಯೊಬ್ಬರು ಕೆಳಗಿಳಿದು ಬಂದು, “ಇವಳೇನ್ರೋ ಕಳ್ಳಿ? ಹತ್ತು ವರ್ಷದಿಂದ ನನ್ನ ಹತ್ತಿರ ಚೌಕಾಶಿ ಮಾಡ್ತಾಳೆ, ಒಂದು ಲೋಟ ಹೆಚ್ಚಿಗೆ ಕೊಟ್ಟವಳಲ್ಲ. ಅಷ್ಟೇ ಅವಳ ತಪ್ಪು!” ಎಂದರು. ಜನ ನಕ್ಕು ಚದುರಿದರು. ಅಜ್ಜಿಯ ಬಳಿ ಮೊಬೈಲಿಲ್ಲ. ಆದರೆ ಮನುಷ್ಯರ ಗುರುತುಂಟು. ಅಂದು ಅವರು ಮಗಳ ಮನೆಗೆ ಹೋಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಇನ್ನು ನಮ್ಮ ಸಂಘದ ಮಾತು. ಸದಸ್ಯರ ಹೆಸರು, ಮನೆಯ ವಿಳಾಸ, ಫೋನು, ಹುಟ್ಟಿದ ದಿನ, ಮಕ್ಕಳ ಶಾಲೆ, ಎಲ್ಲವನ್ನೂ ಸೇರಿಸಿ ವಾಟ್ಸಪ್ ಬಳಗಕ್ಕೆ ಏರಿಸಬೇಕೆಂಬ ಸಲಹೆ ಬಂದಿದೆ. ಪರಊರಿನಲ್ಲಿ ಕನ್ನಡದವರು ಒಬ್ಬರಿಗೊಬ್ಬರು ಸಿಗಲೆಂಬ ಸದುದ್ದೇಶ ಸರಿಯೇ. ಆದರೆ ಪೊಲೀಸರೆಂದು ಹೇಳಿಕೊಂಡು, “ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ” ಎಂದು ಮುದುಕರನ್ನು ಬೆದರಿಸಿ ಹಣ ಕೀಳುವವರಿಗೆ ಇಂಥ ಪಟ್ಟಿ ಸಿಕ್ಕಿದರೆ ಕಷ್ಟಪಡಬೇಕಾದ್ದೇನಿದೆ? ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಹಾಗೆ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ಆದ್ದರಿಂದ ಕಾರ್ಯದರ್ಶಿಗಳಲ್ಲಿ ನಮ್ಮ ವಿನಂತಿಯಿಷ್ಟೆ. ಪಟ್ಟಿ ಅಚ್ಚಾಗಲಿ, ಸದಸ್ಯರ ಕೈಗೇ ಮುಟ್ಟಲಿ, ಮೊಬೈಲಿಗೆ ಏರುವುದು ಬೇಡ. ಹುಟ್ಟಿದ ದಿನವೂ ಮಕ್ಕಳ ಶಾಲೆಯೂ ಬೇಡವೇ ಬೇಡ. ಉಳಿದದ್ದನ್ನು ಅವರವರು ಒಪ್ಪಿ ರುಜು ಹಾಕಿದ ಮೇಲೆ ಸೇರಿಸಿದರಾಯಿತು. ಪುಸ್ತಕ ಸ್ವಲ್ಪ ತೆಳ್ಳಗಾದೀತು, ಆಗಲಿ.