ಫಾರಿನ್‌ಗೆ ಹೊರಟ ನಮ್ಮ ಹೈದ!

ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ಊರಿಗೆ ಹೊಸಬ ಯಾರು ಅಂತ ಗುರುತಿಸೋದು ಹೇಗೆ, ಗೊತ್ತಾ ಗುರುಗಳೇ? ನಾನಿರೋ ಉಪ್ಪಾರಪೇಟೆಯ ಲಾಡ್ಜ್ ಬ್ರೋಕರುಗಳನ್ನು ಕೇಳಿ, ಹೇಳ್ತಾರೆ. ಬಸ್ಸಿಳಿದವನು ಎದುರಿಗೆ ನೋಡೋಲ್ಲ, ತಲೆಯೆತ್ತಿ ಬೋರ್ಡು ನೋಡ್ತಾನೆ. ಆಮೇಲೆ ಜೇಬು ಮುಟ್ಟಿ ನೋಡ್ಕೋತಾನೆ. ಅಷ್ಟು ಸಾಕು! "ಯಾವೂರಣ್ಣ? ರೂಮು ಬೇಕಾ?" ಅಂತ ಒಬ್ಬ ಹಾಜರ್.

ಇದರಲ್ಲೊಂದು ಸ್ವಾರಸ್ಯವಿದೆ. "ಸ್ವಾಮೀ, ತಿಪಟೂರು ಬಸ್ಸು ಎಲ್ಲಿ ನಿಲ್ಲುತ್ತೆ?" ಅಂತ ಕಂಡಕಂಡವರನ್ನೆಲ್ಲ ಗಟ್ಟಿಯಾಗಿ ಕೇಳೋ ಹಳ್ಳಿ ಯಜಮಾನರ ಹತ್ತಿರ ಯಾವ ಬ್ರೋಕರೂ ಸುಳಿಯೋಲ್ಲ. ಕೂಲಿಂಗ್ ಗ್ಲಾಸ್ ಹಾಕ್ಕೊಂಡು ಎಲ್ಲಾ ಗೊತ್ತಿರೋನ ಹಾಗೆ ಠೀವಿಯಿಂದ ನಡೀತಾನಲ್ಲ, ಅವನೇ ಬಲೆಗೆ ಬೀಳೋದು.

ಈ ಮಾತು ಯಾಕೆ ಬಂತು ಅಂದ್ರೆ, ಪರದೇಶಕ್ಕೆ ಹೋದ ಭಾರತೀಯರನ್ನು ಕಂಡರೆ ಅಲ್ಲಿಯವರು "ಪಾಪ, ಏನೂ ಅರಿಯದ ಮುಗ್ಧರು" ಅಂದ್ಕೋತಾರೆ ಅನ್ನೋದು ನಮ್ಮ ಗೆಳೆಯರ ಕೊರಗು. ಬ್ಯಾಂಕಾಕ್ ಅರಮನೆ ಮುಂದೆ ಟುಕ್‌ಟುಕ್ ಗಾಡಿಯವನು "ಅರಮನೆ ಇವತ್ತು ರಜಾ ಸಾರ್" ಅಂತ ಹಸೀ ಸುಳ್ಳು ಹೇಳಿ ಹರಳಿನ ಅಂಗಡಿಗೆ ಕರ್ಕೊಂಡು ಹೋಗೋದು ಹಳೇ ಆಟ. ನಮ್ಮವರು ಬೀಳ್ತಾರೆ, ನಿಜ. ಬಿಳಿಯರೂ ಬೀಳ್ತಾರೆ! ಅದೇ ಬಿಳಿಯ ಬೆಂಗಳೂರಲ್ಲಿ ಆಟೋ ಹತ್ತಿದರೆ ಎಷ್ಟು ಕೊಡ್ತಾನೆ ಅಂತ ನಿಮಗೆ ಗೊತ್ತೇ ಇದೆ. ಊರು ಬಿಟ್ಟವನು ಯಾರಾದರೂ ಅರ್ಧ ಪೆದ್ದನೇ. ಇದಕ್ಕೆ ಜಾತಿ ಇಲ್ಲ, ದೇಶವೂ ಇಲ್ಲ.

ಫಾರಿನ್ ಹುಚ್ಚು ನಮಗೆ ಹೊಸದಲ್ಲ. 1978ರಲ್ಲಿ 'ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ' ಬಂದಾಗ ವಿಷ್ಣುವರ್ಧನ್, ದ್ವಾರಕೀಶ್ ಜೋಡಿಯ ಜೊತೆ ಗಾಂಧಿ ಕ್ಲಾಸಿನವರೂ ಸಿಂಗಪುರ ಸುತ್ತಿ ಬಂದರು. ಆಮೇಲೆ ನಾಗತಿಹಳ್ಳಿ ಚಂದ್ರಶೇಖರ್ 'ಅಮೆರಿಕಾ ಅಮೆರಿಕಾ' ತೆಗೆದು, ಆ ಕನಸಿಗೂ ಒಂದು ಬೆಲೆ ಇದೆ ಅಂತ ತೋರಿಸಿದರು. ಆದರೆ ತೆರೆಯ ಮೇಲಿನ ನಾಯಕ ಇಂಟರ್‌ವಲ್‌ವರೆಗೆ ಮೋಸ ಹೋದರೂ ಆಮೇಲೆ ಎಲ್ಲರನ್ನೂ ಚಚ್ಚಿ ಹಾಕ್ತಾನೆ. ನಿಜ ಜೀವನದಲ್ಲಿ?

ಕಲಬುರಗಿ ಜಿಲ್ಲೆಯ ಹುಡುಗರನ್ನೇ ನೋಡಿ. ರಷ್ಯಾದಲ್ಲಿ ಕೆಲಸ ಅಂತ ನಂಬಿಸಿ ಕರ್ಕೊಂಡು ಹೋದರು. ಅಲ್ಲಿ ಉಕ್ರೇನ್ ಯುದ್ಧಕ್ಕೆ ತಳ್ಳಿದರು. ಸುದ್ದಿ ಹೊರಬಿದ್ದಿದ್ದು 2024ರ ಫೆಬ್ರವರಿಯಲ್ಲಿ. ಹಾಗೇ ಹೋಗಿದ್ದ ಸೂರತ್‌ನ 23 ವರ್ಷದ ಹುಡುಗನೊಬ್ಬ ಡ್ರೋನ್ ದಾಳಿಯಲ್ಲಿ ಸತ್ತೇ ಹೋದ. ಕಲಬುರಗಿ ಹುಡುಗರು ಪುಣ್ಯಕ್ಕೆ ಅದೇ ಸೆಪ್ಟೆಂಬರಿನಲ್ಲಿ ಊರು ಸೇರಿದರು. ಅಲ್ಲಿ ಡ್ಯೂಪ್ ಇರಲಿಲ್ಲ, ಫೈಟ್ ಮಾಸ್ಟರ್ ಇರಲಿಲ್ಲ. ಹಾರಿದ್ದು ನಿಜವಾದ ಗುಂಡು!

ಅವರನ್ನು ಕಳಿಸಿದವರು ಯಾರು? ರಷ್ಯಾದವರು ಬಂದು ಕರೆಯಲಿಲ್ಲ. ಯೂಟ್ಯೂಬಿನಲ್ಲಿ ವೀಡಿಯೋ ಹಾಕಿ ಆಸೆ ತೋರಿಸಿದವರು ನಮ್ಮವರೇ, ನಮ್ಮ ದೇಶದ ಏಜೆಂಟರೇ! ಫಾರಿನ್‌ನವನು ನಮ್ಮನ್ನು ಮುಗ್ಧ ಅಂದರೆ ಮಾನಕ್ಕೆ ಮಾತ್ರ ಪೆಟ್ಟು. ನಮ್ಮವನೇ ಆ ಮುಗ್ಧತೆಗೆ ರೇಟು ಕಟ್ಟಿದರೆ ಪ್ರಾಣಕ್ಕೇ ಸಂಚಕಾರ.

ಅದಕ್ಕೇ ಹೇಳ್ತೀನಿ, ದುಬೈಗೋ ಮಲೇಷಿಯಾಕ್ಕೋ ಕೆಲಸಕ್ಕೆ ಹೊರಟ ಅಣ್ಣತಮ್ಮಂದಿರೇ, ನಾಚಿಕೆ ಬಿಟ್ಟು ಕೇಳಿ. 1983ರ ವಲಸೆ ಕಾಯ್ದೆ ಪ್ರಕಾರ ಏಜೆಂಟನಿಗೆ ಸರ್ಕಾರದ ನೋಂದಣಿ ಇರಲೇಬೇಕು. "ನಿನ್ನ ನಂಬರ್ ಎಷ್ಟಪ್ಪಾ?" ಅಂತ ಕೇಳಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಆ ನಂಬರ್ ಇದೆಯೋ ಇಲ್ಲವೋ ನೋಡಿ. ಅವನು ತಗೋಬಹುದಾದ ಫೀಸು ಜಾಸ್ತಿ ಅಂದ್ರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಳ ಮಾತು ತೆಗೆದನೋ, ಕೈ ಮುಗಿದು ಎದ್ದು ಬನ್ನಿ. "ಟೂರಿಸ್ಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಬದಲಾಯಿಸೋಣ" ಅಂದನೋ, ಆಗಲೂ ಎದ್ದು ಬನ್ನಿ. ಓದೋಕೆ ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಲೇಬೇಡಿ.

"ಇಷ್ಟೆಲ್ಲಾ ಕೇಳಿದರೆ ಹಳ್ಳಿ ಗಮಾರ ಅಂದ್ಕೋತಾನೇನೋ" ಅಂತ ನಿಮಗೆ ಸಂಕೋಚ, ಅಲ್ವಾ? ಏಜೆಂಟನ ಬಂಡವಾಳ ಆ ಸಂಕೋಚವೇ. ಅಂದ್ಕೊಳ್ಳಲಿ ಬಿಡಿ! ಗಟ್ಟಿಯಾಗಿ ಕೇಳಿದ ತಿಪಟೂರು ಯಜಮಾನರು ರಾತ್ರಿ ಊಟಕ್ಕೆ ಮನೆಯಲ್ಲಿರ್ತಾರೆ. ಕೂಲಿಂಗ್ ಗ್ಲಾಸಿನವನು ಎಲ್ಲಿರ್ತಾನೋ, ಆ ಬ್ರೋಕರನ್ನೇ ಕೇಳಬೇಕು.