ಪದಕವೂ ಅದರ ಹೆಸರೂ

ಯುದ್ಧಗಳಲ್ಲಿ ಶೌರ್ಯಕ್ಕಾಗಿ ದೊರೆತ ಹಳೆಯ ಪದಕಗಳನ್ನು ಕೂಡಿಸಿಡುವ ಹವ್ಯಾಸವು ನಿಂದ್ಯವಾದುದಲ್ಲ. ಮನೆಯವರ ಅಲಕ್ಷ್ಯಕ್ಕೆ ಗುರಿಯಾದ ಎಷ್ಟೋ ಪದಕಗಳು ಅಕ್ಕಸಾಲಿಗನ ಮೂಸೆಯನ್ನು ಸೇರದೆ ಉಳಿದುದು ಸಂಗ್ರಾಹಕರ ದೆಸೆಯಿಂದಲೇ. ಆದರೆ ಲೋಹವನ್ನು ಕಾಯ್ದು ಹೆಸರನ್ನು ಕಳೆದುಕೊಂಡರೆ ಅದು ಸಂಗ್ರಹವಲ್ಲ, ಬರಿಯ ವ್ಯಾಪಾರವು.

ಕಾರವಾರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಡಲ ತೀರದಲ್ಲಿ, ಚಪಲ್ ಯುದ್ಧನೌಕೆಯ ಸಂಗ್ರಹಾಲಯದ ಬಳಿ, 2006ರಲ್ಲಿ ಅನಾವರಣಗೊಂಡ ರಾಮ ರಾಘೋಬಾ ರಾಣೆಯವರ ಪ್ರತಿಮೆಯು ನಿಂತಿದೆ. ಚೆಂಡಿಯಾದ ಮನೆತನದ ಈ ವೀರರು 1948ರ ಏಪ್ರಿಲಿನಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ, ಗಾಯಗೊಂಡ ಮೇಲೂ ಹಿಂದೆಗೆಯದೆ, ಶತ್ರುವಿನ ಗುಂಡಿನೆದುರು ನೆಲಬಾಂಬುಗಳನ್ನೂ ಅಡ್ಡಗಟ್ಟುಗಳನ್ನೂ ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟರು. ಅದಕ್ಕಾಗಿ ಅವರಿಗೆ ಸಂದ ಪರಮವೀರ ಚಕ್ರವು ಕಂಚಿನದು. ತಕ್ಕಡಿಯಲ್ಲಿ ಅದಕ್ಕೇನು ಬೆಲೆ? ಆ ದಿನಗಳ ವೃತ್ತಾಂತವು ಅದರೊಡನಿರುವುದರಿಂದಲೇ ಅದು ಅಮೂಲ್ಯವು.

ಇಂಥ ಪ್ರಸಿದ್ಧಿಯು ಎಲ್ಲರ ಪಾಲಿಗೂ ಬಾರದು. 1914-18ರ ಮಹಾಯುದ್ಧದ ಬೆಳ್ಳಿಯ ಪದಕದ ಅಂಚಿನಲ್ಲಿ ಸಿಪಾಯಿಯ ಸಂಖ್ಯೆ, ಹೆಸರು, ಪಡೆ ಇವನ್ನು ಒತ್ತಿರುತ್ತಾರೆ. ಹಲವು ಸಾಮಾನ್ಯ ಸಿಪಾಯಿಗಳ ಪಾಲಿಗೆ ಉಳಿದ ಶಾಸನವು ಆ ಒಂದು ಸಾಲೇ. ಹುಣಿಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಹೊಳಪಿಸುವವರು ಆ ಸಾಲನ್ನೇ ಸವೆಯಿಸುತ್ತಾರೆ.

ಅಂಕೋಲೆಯ ಶೌರ್ಯವು ಬೇರೊಂದು ಬಗೆಯದು. 1930ರಲ್ಲಿ ಉಪ್ಪು ಮಾಡಿದವರಿಗೂ, 1932ರ ಕರನಿರಾಕರಣೆಯಲ್ಲಿ ಭೂಮಿಯನ್ನು ಕಳೆದುಕೊಂಡ ರೈತರಿಗೂ ಅಂದು ಯಾವ ಪದಕವೂ ಇರಲಿಲ್ಲ. ಸ್ವಾತಂತ್ರ್ಯಯೋಧರಿಗೆ ಸರಕಾರವು ತಾಮ್ರಪತ್ರಗಳನ್ನು ಕೊಡಮಾಡಿದ್ದು 1972ರಲ್ಲಿ. ಅವು ರಣರಂಗದ ಬಿರುದುಗಳಲ್ಲವಾದರೂ, ಅವುಗಳ ರಕ್ಷಣೆಗೆ ಇದೇ ನ್ಯಾಯವು ಸಲ್ಲುತ್ತದೆ.

ಆದುದರಿಂದ ನಮ್ಮ ಸೂಚನೆಯು ಇಷ್ಟು. ಮನೆಯವರು ಪದಕವನ್ನೂ ಅದರ ಕಾಗದಪತ್ರಗಳನ್ನೂ ಒಂದೇ ಪೆಟ್ಟಿಗೆಯಲ್ಲಿಡಲಿ. ಹಿರಿಯರು ಬಲ್ಲ ಸಂಗತಿಯನ್ನು ಅವರಿರುವಾಗಲೇ ಬರೆದುಕೊಳ್ಳಲಿ. ಸಂಗ್ರಾಹಕರು ಒಬ್ಬ ಯೋಧನ ಪದಕಗಳನ್ನು ಬಿಡಿಬಿಡಿಯಾಗಿ ಮಾರದಿರಲಿ. ಎಲ್ಲಿಂದ ಬಂದಿತೆಂಬುದನ್ನು ದಾಖಲಿಸಲಿ. ಜಿಲ್ಲೆಯ ಅಧಿಕಾರಿಗಳೂ ಕಾರವಾರ-ಅಂಕೋಲೆಗಳ ವಿದ್ಯಾಸಂಸ್ಥೆಗಳೂ ಕೂಡಿ ಊರೂರಿನ ಪದಕ, ತಾಮ್ರಪತ್ರಗಳ ಪಟ್ಟಿಯನ್ನು ಛಾಯಾಚಿತ್ರ ಸಹಿತವಾಗಿ ಸಿದ್ಧಪಡಿಸಲಿ. ವಸ್ತುಗಳು ಆಯಾ ಮನೆಗಳಲ್ಲಿಯೇ ಇರಲಿ; ಪಟ್ಟಿಯು ಮಾತ್ರ ಸಾರ್ವಜನಿಕರದಾಗಲಿ. ಇದಕ್ಕೆ ಬೇಕಾದುದು ದೊಡ್ಡ ಧನವಲ್ಲ, ತಾಳ್ಮೆಯ ದುಡಿಮೆ.

ಪದಕವು ಕಳೆದರೂ ಹೆಸರು ಉಳಿದಿದ್ದರೆ ನಾಡು ಅದನ್ನು ನೆನೆಯಬಹುದು. ಹೆಸರೇ ಅಳಿದ ಮೇಲೆ ಪದಕವನ್ನಿಟ್ಟುಕೊಂಡು ಮಾಡುವುದೇನು?