ಕರಿಯರ ಸ್ವಾಭಿಮಾನ ದ್ವೇಷವೇ?

ಅಮೆರಿಕದ ಕಪ್ಪು ರಾಷ್ಟ್ರೀಯವಾದದ ಪ್ರಸ್ತಾಪ ಬಂದಾಗಲೆಲ್ಲ ಒಂದು ಸಿದ್ಧ ತೀರ್ಪು ಹೊರಬೀಳುತ್ತದೆ: ಅದು ಬಿಳಿಯರ ವರ್ಣದ್ವೇಷಕ್ಕೆ ಕರಿಯರು ತೋರಿದ ಪ್ರತಿದ್ವೇಷ ಮಾತ್ರ ಎಂದು. ಈ ತೀರ್ಪನ್ನು ನಾವು ಒಪ್ಪಲಾರೆವು. ಸಂಕೋಲೆ ತೊಡಿಸಿದವನನ್ನೂ ಅದನ್ನು ಕಳಚಲು ಹೆಣಗುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

ಜಮೈಕಾದ ಮಾರ್ಕಸ್ ಗಾರ್ವಿ 1914ರಲ್ಲಿ ಸಂಘಟನೆಯೊಂದನ್ನು ಕಟ್ಟಿ, ಬಳಿಕ ಅದನ್ನು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆಸಿದರು. ಕರಿಯರಿಗೆ ಅವರದೇ ಚರಿತ್ರೆಯಿದೆ, ಅವರದೇ ಪತ್ರಿಕೆ, ಉದ್ಯಮ, ಹಡಗುಗಳು ಇರಬೇಕು ಎಂಬುದೇ ಅವರ ಸಂದೇಶ. 1919ರಲ್ಲಿ ಜನಸಾಮಾನ್ಯರ ಷೇರು ಹಣದಿಂದ ‘ಬ್ಲ್ಯಾಕ್ ಸ್ಟಾರ್ ಲೈನ್’ ಹಡಗು ಕಂಪೆನಿ ಆರಂಭವಾಯಿತು. ಅದು ನಷ್ಟಕ್ಕೀಡಾಯಿತು. 1923ರಲ್ಲಿ ಅಂಚೆ ವಂಚನೆಯ ಪ್ರಕರಣದಲ್ಲಿ ಗಾರ್ವಿ ಅಪರಾಧಿಯೆನಿಸಿದರು, 1927ರಲ್ಲಿ ಗಡೀಪಾರಾದರು. 1940ರಲ್ಲಿ ನಿಧನರಾದ ಅವರಿಗೆ ಅಮೆರಿಕದ ಅಧ್ಯಕ್ಷರ ಕ್ಷಮಾದಾನ ದೊರೆತದ್ದು 2025ರಲ್ಲಿ!

ಹಾಗೆಂದು ಈ ಚಿಂತನೆಯ ದೋಷಗಳಿಗೆ ನಾವು ಕುರುಡಾಗಬೇಕಿಲ್ಲ. ಜನಾಂಗಗಳು ಬೇರೆಬೇರೆಯಾಗಿಯೇ ಬಾಳಬೇಕೆಂಬ ವಾದವು 1922ರಲ್ಲಿ ಗಾರ್ವಿಯನ್ನು ಕರಿಯರ ಕಡುವೈರಿ ಕು ಕ್ಲಕ್ಸ್ ಕ್ಲಾನ್‌ನ ನಾಯಕನೊಂದಿಗೆ ಮಾತುಕತೆಗೆ ಕೂರಿಸಿತು. ಮುಂದೆ ನೇಶನ್ ಆಫ್ ಇಸ್ಲಾಮ್ ಬಿಳಿಯರನ್ನು ಸೈತಾನರೆಂದು ಬೋಧಿಸಿತು. ಇಸ್ಲಾಮಿನ ಹೆಸರಿದ್ದರೂ ಆ ಬೋಧನೆಗೆ ಇಸ್ಲಾಮಿನ ಆಧಾರವಿರಲಿಲ್ಲ. ಸ್ವಾಭಿಮಾನವು ರಕ್ತದ ಮೇಲೆ ನಿಂತರೆ ಕೊನೆಗೆ ಶತ್ರುವಿನ ಭಾಷೆಯನ್ನೇ ಆಡತೊಡಗುತ್ತದೆ.

ಗಾರ್ವಿ ಅನುಯಾಯಿಯೊಬ್ಬರ ಮಗನಾದ ಮಾಲ್ಕಮ್ ಎಕ್ಸ್ ಸೆರೆಮನೆಯಲ್ಲಿ ಅದೇ ನೇಶನ್ ಆಫ್ ಇಸ್ಲಾಮಿನತ್ತ ಆಕರ್ಷಿತರಾದರು. 1964ರಲ್ಲಿ ಅದರಿಂದ ಹೊರಬಂದು ಹಜ್ಜ್ ನಿರ್ವಹಿಸಿದರು. ಬಿಳಿ ಚರ್ಮದ ಮುಸ್ಲಿಮರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡ ಅನುಭವವು ಅವರ ದೃಷ್ಟಿಯನ್ನೇ ಬದಲಿಸಿತು.

ನಮ್ಮ ಭಾಷಣಕಾರರು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ. ಆದರೆ ಮಾಲ್ಕಮ್ ತಮ್ಮ ಹೋರಾಟವನ್ನು ಇಲ್ಲಿಗೆ ಮುಗಿಸಲಿಲ್ಲ. ಅದೇ ವರ್ಷ ಅವರು ಆಫ್ರೋ-ಅಮೆರಿಕನ್ ಏಕತಾ ಸಂಘಟನೆಯನ್ನು ಸ್ಥಾಪಿಸಿದರು. ಕರಿಯರ ಪ್ರಶ್ನೆಯನ್ನು ಮಾನವ ಹಕ್ಕುಗಳ ಪ್ರಶ್ನೆಯಾಗಿ ವಿಶ್ವಸಂಸ್ಥೆಗೆ ಒಯ್ಯುವಂತೆ ಕೈರೋದಲ್ಲಿ ಸೇರಿದ್ದ ಆಫ್ರಿಕನ್ ನಾಯಕರಲ್ಲಿ ಮನವಿ ಮಾಡಿದರು. ಹಜ್ಜ್ ಅವರಿಂದ ದ್ವೇಷವನ್ನು ಕಿತ್ತುಕೊಂಡಿತು, ನ್ಯಾಯದ ಆಗ್ರಹವನ್ನಲ್ಲ. 1965ರ ಫೆಬ್ರವರಿ 21ರಂದು ಗುಂಡೇಟಿಗೆ ಬಲಿಯಾದಾಗ ಅವರ ವಯಸ್ಸು ಕೇವಲ 39. ಆ ಕೊಲೆಗಾಗಿ ಶಿಕ್ಷೆ ಅನುಭವಿಸಿದ್ದ ಇಬ್ಬರನ್ನು 2021ರಲ್ಲಿ ನ್ಯಾಯಾಲಯವು ದೋಷಮುಕ್ತಗೊಳಿಸಿತು. 1975ರಲ್ಲಿ ಎಲಿಜಾ ಮುಹಮ್ಮದ್ ನಿಧನರಾದ ಬಳಿಕ ಅವರ ಪುತ್ರ ವಾರಿಸ್ ದೀನ್ ಮುಹಮ್ಮದ್‌ರು ಅನುಯಾಯಿಗಳಲ್ಲಿ ಬಹುಮಂದಿಯನ್ನು ಇಸ್ಲಾಮಿನ ಮುಖ್ಯವಾಹಿನಿಗೆ ತಂದರು.

ನಾವು ಮಕ್ಕಳಿಗೆ ಬಿಲಾಲ್ ಎಂದು ಹೆಸರಿಡುತ್ತೇವೆ. ಮಾಲ್ಕಮ್‌ರ ಹಜ್ಜನ್ನು ಹೆಮ್ಮೆಯಿಂದ ಸ್ಮರಿಸುತ್ತೇವೆ. ಅರಫಾದ ವಿದಾಯ ಪ್ರವಚನವನ್ನು ಮಿಂಬರಿನಿಂದ ಆಲಿಸುತ್ತೇವೆ. ಆದರೆ ಮಗನಿಗೆ ಸಂಬಂಧ ಹುಡುಕುವಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ಹುಡುಗಿ ಬೆಳ್ಳಗಿದ್ದಾಳೆಯೇ ಎಂಬುದಲ್ಲವೇ? ಅಮೆರಿಕದ ವರ್ಣಭೇದವನ್ನು ಖಂಡಿಸುವ ನೈತಿಕ ಹಕ್ಕನ್ನು ನಾವು ಮೊದಲು ನಮ್ಮ ಮನೆಯ ಜಗಲಿಯಲ್ಲಿ ಸಂಪಾದಿಸಬೇಕಾಗಿದೆ.